ಓಟದ ನಂತರದ ಕಿಪ್ ಕೀನೊ

ಪ್ರಶ್ನೆ (ಆಲೂರು, ಹಾಸನ ಜಿಲ್ಲೆ): ನಮ್ಮ ಶಾಲೆಯಲ್ಲಿ ಬರಿಗಾಲಲ್ಲೇ ಓಡುವ ಮಕ್ಕಳಿದ್ದಾರೆ. ಕೆನ್ಯಾದ ಓಟಗಾರ ಕಿಪ್ ಕೀನೊ ಅವರ ಬಗ್ಗೆ, ಪದಕಗಳ ಆಚೆಗೆ, ಇವರಿಗೆ ಏನು ಹೇಳಬಹುದು?

ಉತ್ತರ 1 (ಮೂಡಿಗೆರೆ): ಅವರು 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಪಿತ್ತಕೋಶದ ತೀವ್ರ ನೋವಿನ ನಡುವೆಯೂ ಕಣಕ್ಕಿಳಿದು, 1500 ಮೀಟರ್ ಓಟದಲ್ಲಿ ಅಮೆರಿಕದ ಜಿಮ್ ರಯನ್ ಅವರನ್ನು ಸುಮಾರು 20 ಮೀಟರ್ ಹಿಂದಿಕ್ಕಿ ಚಿನ್ನ ಗೆದ್ದರು. 1972ರಲ್ಲಿ ಸ್ಟೀಪಲ್‌ಚೇಸ್‌ನಲ್ಲೂ (ಅಡೆತಡೆ, ನೀರಿನ ಗುಂಡಿ ದಾಟಿ ಓಡುವ ಸ್ಪರ್ಧೆ) ಚಿನ್ನ ಪಡೆದರು.

ಉತ್ತರ 2 (ಹಾಸನ): ನನ್ನ ಮಟ್ಟಿಗೆ ಪದಕಗಳಿಗಿಂತ ದೊಡ್ಡದು ಮುಂದಿನ ಕೆಲಸ. ಬಾಲ್ಯದಲ್ಲೇ ಅನಾಥರಾಗಿ ಚಿಕ್ಕಮ್ಮನ ಆಸರೆಯಲ್ಲಿ ಬೆಳೆದ ಅವರು, ಪತ್ನಿ ಫಿಲಿಸ್ ಜೊತೆಗೂಡಿ ಕೆನ್ಯಾದ ಎಲ್ಡೊರೆಟ್ ಪಟ್ಟಣದಲ್ಲಿ ಅನಾಥ ಮಕ್ಕಳಿಗೆ ಮನೆಯನ್ನೂ ಶಾಲೆಯನ್ನೂ ಕಟ್ಟಿದರು. ಕ್ರೀಡೆಯ ಮೂಲಕ ಸಮಾಜಕ್ಕೆ ನೆರವಾದವರಿಗೆ ಒಲಿಂಪಿಕ್ ಸಮಿತಿ ನೀಡುವ 'ಒಲಿಂಪಿಕ್ ಲಾರೆಲ್' ಗೌರವ 2016ರಲ್ಲಿ ಮೊದಲ ಬಾರಿಗೆ ಸಂದದ್ದು ಅವರಿಗೇ. ಮಕ್ಕಳಿಗೆ ಇದನ್ನೇ ಮೊದಲು ಹೇಳಿ.