ಝಡ್‌ಶೆಲ್‌ನಲ್ಲಿ ನಿಂಜಾಗೆ ಟ್ಯಾಬ್ ಕಂಪ್ಲೀಷನ್ ಬರ್ತಿಲ್ಲ

ಪ್ರಶ್ನೆ: ನಿಂಜಾ (ಪ್ರೋಗ್ರಾಂ ಬಿಲ್ಡ್ ಮಾಡುವ ಟೂಲ್) ಸೋರ್ಸ್‌ನ ಮಿಸ್ಕ್ ಫೋಲ್ಡರ್‌ನಲ್ಲಿದ್ದ, ಝಡ್‌ಶೆಲ್‌ಗೆ (ಕಮಾಂಡ್ ಹೊಡೆಯುವ ಶೆಲ್) ಬೇಕಾದ ಕಂಪ್ಲೀಷನ್ ಫೈಲನ್ನು ನನ್ನ ಹೋಮ್‌ನ ಒಂದು ಫೋಲ್ಡರ್‌ಗೆ ಹಾಕಿದ್ದೇನೆ. ಆ ಫೋಲ್ಡರನ್ನು ಎಫ್‌ಪಾತ್‌ಗೂ (ಝಡ್‌ಶೆಲ್ ಇಂಥ ಫೈಲ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸೇರಿಸಿದ್ದೇನೆ. ಟ್ಯಾಬ್ ಒತ್ತಿದರೆ ಬರೀ ಫೈಲ್ ಹೆಸರುಗಳೇ ಬರುತ್ತವೆ, ಟಾರ್ಗೆಟ್ (ನಿಂಜಾ ಬಿಲ್ಡ್ ಮಾಡಬಲ್ಲದ್ದು) ಒಂದೂ ಇಲ್ಲ. ಯಾಕೆ?

ಉತ್ತರ 1: ಫೈಲ್ ಹೆಸರು ಏನಿಟ್ಟಿದ್ದೀರಿ? ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು, ಅಂದರೆ ಅಂಡರ್‌ಸ್ಕೋರ್ ನಿಂಜಾ. ಇಲ್ಲದಿದ್ದರೆ ಕಾಂಪಿನಿಟ್ (ಕಂಪ್ಲೀಷನ್ ಶುರು ಮಾಡುವ ಝಡ್‌ಶೆಲ್ ಫಂಕ್ಷನ್) ಅದನ್ನು ಮೂಸಿಯೂ ನೋಡಲ್ಲ. ಇನ್ನೊಂದು, ಶೆಲ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಎಫ್‌ಪಾತ್ ಸಾಲು ಕಾಂಪಿನಿಟ್ ಸಾಲಿಗಿಂತ ಮೇಲಿರಬೇಕು. ಕೆಳಗಿದ್ದರೆ ಸುಮ್ನೆ ದಂಡ. ಶೆಲ್ ಫ್ರೇಮ್‌ವರ್ಕ್ (ಶೆಲ್ ಸೆಟ್ಟಿಂಗ್‌ಗಳ ಸಿದ್ಧ ಕಟ್ಟು) ಬಳಸುವವರಿಗೆ ಇದು ಜಾಸ್ತಿ ಕಾಡುತ್ತದೆ, ಯಾಕೆಂದರೆ ಫ್ರೇಮ್‌ವರ್ಕೇ ಒಳಗೊಳಗೆ ಕಾಂಪಿನಿಟ್ ಕರೆದುಬಿಟ್ಟಿರುತ್ತದೆ.

ಪ್ರಶ್ನೆ ಕೇಳಿದವರು: ಹೆಸರು ಬದಲಿಸಿದೆ, ಸಾಲೂ ಮೇಲಕ್ಕೆ ತಂದೆ. ಇನ್ನೂ ಹಾಗೇ ಇದೆ.

ಉತ್ತರ 2: ಹೋಮ್‌ನಲ್ಲಿರುವ ಝಡ್‌ಕಾಂಪ್‌ಡಂಪ್ ಫೈಲ್ ಅಳಿಸಿ, ಹೊಸ ಶೆಲ್ ತೆಗೆಯಿರಿ. ಅದು ಕಾಂಪಿನಿಟ್‌ನ ಕ್ಯಾಶ್, ಅಂದರೆ ಉಳಿಸಿಟ್ಟ ಪ್ರತಿ, ಹಳೆಯ ಪಟ್ಟಿಯನ್ನೇ ಹಿಡಿದುಕೊಂಡಿರಬಹುದು. ಆಮೇಲೆ ಬಿಲ್ಡ್ ಫೋಲ್ಡರ್ ಒಳಗೆ ನಿಂತು ಟ್ಯಾಬ್ ಒತ್ತಿ. ಈ ಸ್ಕ್ರಿಪ್ಟ್ ಟಾರ್ಗೆಟ್‌ಗಳನ್ನು ನಿಂಜಾವನ್ನೇ ಕೇಳಿ ತರುತ್ತದೆ. ಟಾರ್ಗೆಟ್‌ಗಳನ್ನು ಬರೆದಿಟ್ಟಿರುವ ಬಿಲ್ಡ್ ಡಾಟ್ ನಿಂಜಾ ಫೈಲೇ ಇಲ್ಲದ ಕಡೆ ಅದು ಏನು ತಾನೇ ಹೇಳೀತು, ಅಲ್ವಾ? ಹೊರಗಿಂದಲೇ ಮಾಡಬೇಕಿದ್ದರೆ ಮೊದಲು ದೊಡ್ಡಕ್ಷರದ ಸಿ ಆಯ್ಕೆ ಕೊಟ್ಟು, ಫೋಲ್ಡರ್ ಹೆಸರು ಹಾಕಿ, ಆಮೇಲೆ ಟ್ಯಾಬ್.

ಪ್ರಶ್ನೆ ಕೇಳಿದವರು: ಕ್ಯಾಶ್ ಅಳಿಸಿದ್ದೇ ತಡ, ಬಂತು! ಆದರೆ ಆಬ್ಜೆಕ್ಟ್ ಫೈಲ್‌ಗಳೆಲ್ಲ (ಕಂಪೈಲ್ ಆದ ಮಧ್ಯದ ಫೈಲ್‌ಗಳು) ಸಾಲುಗಟ್ಟಿ ನಿಂತಿವೆ.

ಉತ್ತರ 2: ಅವೂ ಟಾರ್ಗೆಟ್‌ಗಳೇ ಸ್ವಾಮಿ. ಮೊದಲ ಎರಡು ಮೂರು ಅಕ್ಷರ ಹೊಡೆದು ಟ್ಯಾಬ್ ಒತ್ತಿ.