‘ಗರ್ಭನಂಜು’ ಅನ್ನಬಹುದೇ? ‘ಇದೆಯಾ’, ‘ಬಂದಿತ್ತಾ’ ಬಗ್ಗೆಯೂ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಹೆರಿಗೆಯಾಗಿ ವರ್ಷಗಳೇ ಕಳೆದ ಹೆಂಗಸರಿಗಾಗಿ ಹೃದಯದ ಆರೋಗ್ಯದ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಪ್ರಿಎಕ್ಲಾಂಪ್ಸಿಯಾಕ್ಕೆ ಯಾವ ಪದ ಹಾಕಲಿ ಎಂದು ತಿಳಿಯದೆ ಕೇಳುತ್ತಿದ್ದೇನೆ.

ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಬಸುರಾಗಿ 20 ವಾರ ದಾಟಿದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಜಾಸ್ತಿಯಾಗುತ್ತದೆ. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಇಲ್ಲವೇ ಕಿಡ್ನಿ, ಲಿವರ್‌ಗೆ ತೊಂದರೆಯಾಗುತ್ತದೆ. ಇದು ಮುಂದುವರಿದು ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ.

ಕನ್ನಡ ಬರಹಗಳಲ್ಲಿ ಇದಕ್ಕೆ ‘ಗರ್ಭನಂಜು’ ಎಂಬ ಪದ ಕಾಣುತ್ತದೆ. ಚಿಕ್ಕ ಪದ, ಬಾಯಲ್ಲಿ ಸಲೀಸಾಗಿ ನಿಲ್ಲುತ್ತದೆ. ಆದರೂ ಬಳಸಲು ನನಗೆ ಮನಸ್ಸಿಲ್ಲ. ಹಿಂದೆ ವೈದ್ಯರೂ ಇದನ್ನು ‘ಟಾಕ್ಸೀಮಿಯಾ’ ಎನ್ನುತ್ತಿದ್ದರು. ರಕ್ತಕ್ಕೆ ಏನೋ ವಿಷ ಸೇರಿ ಹೀಗಾಗುತ್ತದೆ ಎಂದು ನಂಬಿದ್ದರು. ಅಂಥ ವಿಷ ಸಿಗಲಿಲ್ಲ, ಹೆಸರೂ ಬಳಕೆ ತಪ್ಪಿತು. ಮಾಸಿಗೆ (ಪ್ಲಾಸೆಂಟಾಗೆ) ರಕ್ತ ಸಾಲದೆ, ತಾಯಿಯ ರಕ್ತನಾಳಗಳ ಒಳಪದರ ಕೆಡುತ್ತದೆ ಎಂಬುದು ಈಗಿನ ತಿಳಿವಳಿಕೆ. ಇನ್ನೊಂದು ತೊಡಕೂ ಇದೆ. ‘ನಂಜು’ ಎಂದ ಕೂಡಲೇ ನಮಗೆ ನೆನಪಾಗುವುದು ಗಾಯ ನಂಜಾಗುವುದು. ‘ಬಾಣಂತಿ ನಂಜು’ ಎಂದರೆ ಹೆರಿಗೆಯ ನಂತರದ ಸೋಂಕು, ಅದು ಬೇರೆಯೇ ಕಾಯಿಲೆ.

‘ಬಸಿರಿನ ಬಿಪಿ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಬಸುರಿಯರಿಗೆ ಬರುವ ಬಿಪಿಯೆಲ್ಲ ಪ್ರಿಎಕ್ಲಾಂಪ್ಸಿಯಾ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಬಸಿರು ಮುಗಿದರೆ ಇದೂ ಮುಗಿಯಿತು ಅನ್ನಿಸಿಬಿಡುತ್ತದೆ. ಬಿಪಿ ಇಳಿಯುವುದೇನೋ ನಿಜ. ಆದರೆ ಪ್ರಿಎಕ್ಲಾಂಪ್ಸಿಯಾ ಆಗಿದ್ದವರಿಗೆ ಮುಂದೆ ಹೃದಯದ ಕಾಯಿಲೆ, ಪಾರ್ಶ್ವವಾಯು ಬರುವ ಸಾಧ್ಯತೆ ಉಳಿದ ತಾಯಂದಿರಿಗಿಂತ ಸುಮಾರು ದುಪ್ಪಟ್ಟು. ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದವರಿಗೂ ಮುಂದೆ ಹೃದಯದ ತೊಂದರೆಯ ಸಾಧ್ಯತೆ ಜಾಸ್ತಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2011ರ ತನ್ನ ಮಾರ್ಗಸೂಚಿಯಲ್ಲೇ ಇವೆರಡನ್ನೂ ಹೆಂಗಸರ ಹೃದಯಕ್ಕೆ ಅಪಾಯ ಹೆಚ್ಚಿಸುವವುಗಳ ಪಟ್ಟಿಗೆ ಸೇರಿಸಿತು.

(‘ಎರಡು ಪಟ್ಟು ಹೆಚ್ಚು’ ಎಂದು ಬರೆಯದೆ ‘ದುಪ್ಪಟ್ಟು’ ಎಂದೇ ಬರೆದೆ. ಮೊದಲನೆಯದನ್ನು ಕೆಲವರು ಮೂರು ಪಟ್ಟು ಎಂದು ಲೆಕ್ಕ ಹಾಕುತ್ತಾರೆ.)

ನನ್ನನ್ನು ಹೆಚ್ಚು ಕಾಡುತ್ತಿರುವುದು ಕ್ರಿಯಾಪದ. ಐವತ್ತು ದಾಟಿದ ಹೆಂಗಸನ್ನು ‘ಬಿಪಿ ಇದೆಯಾ?’ ಎಂದು ಕೇಳಿ ನೋಡಿ. ‘ಇಲ್ಲ’ ಅನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ, ಇವತ್ತು ಇಲ್ಲ ಅಷ್ಟೇ. ‘ಬಸುರಿಯಾಗಿದ್ದಾಗ ಬಿಪಿ ಬಂದಿತ್ತಾ?’ ಎಂದರೆ, ‘ಹೌದು, ಕಾಲು ಮುಖ ಎಲ್ಲ ಊದಿಕೊಂಡಿತ್ತು, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿದರು’ ಅಂತ ಪೂರ್ತಿ ನೆನಪಿಸಿಕೊಂಡು ಹೇಳಬಹುದು. ವೈದ್ಯರಿಗೆ ಬೇಕಾದ ಉತ್ತರ ಇದೇ, ಅಲ್ವಾ? ಆದರೆ ‘ಬಂದಿತ್ತು’ ಅಂದಾಗ ಕನ್ನಡದ ಕಿವಿಗೆ ‘ಬಂದು ಹೋಯಿತು’ ಎಂದೇ ಕೇಳುತ್ತದೆ. ಈಗಲೂ ಅದಕ್ಕೆ ಬೆಲೆಯಿದೆ, ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿಕೊಳ್ಳಬೇಕು, ಸಕ್ಕರೆ, ಕೊಲೆಸ್ಟ್ರಾಲ್ ಕೂಡ ಆಗಾಗ ನೋಡಿಸಬೇಕು ಎಂಬುದು ಆ ಮಾತಿನಲ್ಲಿ ಬರುವುದಿಲ್ಲ.

ಸದ್ಯಕ್ಕೆ ‘ಪ್ರಿಎಕ್ಲಾಂಪ್ಸಿಯಾ’ ಎಂದೇ ಇಟ್ಟು, ಪಕ್ಕದಲ್ಲಿ ‘ಬಸಿರಿನಲ್ಲಿ ಬಿಪಿ ಏರಿ ಬೇರೆ ಅಂಗಗಳಿಗೂ ತೊಂದರೆ ಕೊಡುವ ಕಾಯಿಲೆ’ ಎಂದು ಬಿಡಿಸಿ ಬರೆದಿದ್ದೇನೆ. ನಿಮ್ಮ ಮನೆಯ ಹಿರಿಯ ಹೆಂಗಸರು ಇದಕ್ಕೆ ಏನನ್ನುತ್ತಾರೆ? ಊತವನ್ನೋ ಫಿಟ್ಸನ್ನೋ ಹಿಡಿದು ಕರೆಯುವ ಮಾತಾದರೂ ಸರಿ, ಅವರು ಹೇಳುವ ಹಾಗೆಯೇ ಬರೆದು ಕಳಿಸಿ.