ಸಮಸ್ಯೆ (ಪದ್ಯದ ಕೊನೆಗೆ ಬರುವಂತೆ ಪೂರಣ ಮಾಡಬೇಕಾದ ಸಾಲು): ಓದಿಯು ಮರೆತವನೆ ಜಾಣನೆನಿಪಂ ಜಗದೊಳ್

ಓಲೆಗರಿ: ಈ ಸಲ ಕಂದ, ಮಾತ್ರೆ (ಉಚ್ಚಾರಣೆಯ ಕಾಲದ ಅಳತೆ) ಎಣಿಸಿ ಕಟ್ಟುವ ನಾಲ್ಕು ಸಾಲಿನ ಪದ್ಯ. ಜಗಳ ಕಡಿಮೆ ಇರಲಿ, ಪದ್ಯ ಹೆಚ್ಚಾಗಿ ಬರಲಿ.

ಆರನೆಯಗಣ: ನನ್ನದು ಮೊದಲು.

ವಾದಿಸಿ ಬಳಲ್ದೊಡೇಂ ಫಲ-
ಮಾದಪುದೀ ಬಾಳೊಳೆಂದು ನಗುತುಂ ನಡೆವಂ |
ಸೋದರರ ಹಳೆಯ ದೋಷಮ-
ನೋದಿಯು ಮರೆತವನೆ ಜಾಣನೆನಿಪಂ ಜಗದೊಳ್ ||

ಓಲೆಗರಿ: ಚೆನ್ನಾಗಿದೆ.

ಬಿಂದುಮಾಧವ: ಪದ್ಯದ ಮೇಲೆ ನನ್ನ ತಕರಾರಿಲ್ಲ, ಸಮಸ್ಯೆಯ ಮೇಲೇ ಇದೆ. "ಎನಿಪಂ" ಎಂದು ಬಿಂದು (ಅನುಸ್ವಾರದ ಸೊನ್ನೆ) ಹೊತ್ತು ಮೆರೆಯುವ ಸಾಲು ಮೊದಲಲ್ಲಿ "ಓದಿಯು" ಎಂದು ಅದನ್ನು ನುಂಗಿದ್ದೇಕೆ? "ಓದಿಯುಂ" ಆಗಬೇಕಿತ್ತು.

ಓಲೆಗರಿ: ಹೆಚ್ಚಾದ ಮಾತ್ರೆಯನ್ನು ಎಲ್ಲಿಡಲಿ, ನಿಮ್ಮ ಜೇಬಿನಲ್ಲೇ? ಆರು ಸಾಲಿನ ಷಟ್ಪದಿಗಳಲ್ಲಿ ಬಿಂದು ಬಿಟ್ಟ ರೂಪಗಳು ಬೇಕಾದಷ್ಟಿವೆ.

ಬಿಂದುಮಾಧವ: ಷಟ್ಪದಿಯ ಸಾಕ್ಷಿಯನ್ನು ಕಂದದ ಕಟಕಟೆಗೆ ತರಬೇಡಿ. 9ನೆಯ ಶತಮಾನದ ಕವಿರಾಜಮಾರ್ಗದ "ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್" ಕೂಡ ಕಂದವೇ. ಅಲ್ಲಿಯ ಬಿಂದುವನ್ನು ಕಿತ್ತು ಓದಿ ನೋಡಿ, ಗಣವೇ (ಮಾತ್ರೆಗಳ ಗುಂಪೇ) ಕುಸಿಯುತ್ತದೆ.

ತುಂಟಲಘು: ಅಲ್ಲಿ ಹೊಗಳಿರುವುದು ಕುರಿತು ಓದದವರನ್ನು. ಇಷ್ಟೆಲ್ಲ ಓದಿದ ನೀವು ಒಂದು ಸೊನ್ನೆಗಾಗಿ ಬಡಿದಾಡುತ್ತಿದ್ದೀರಿ.

ಬಿಂದುಮಾಧವ: ಹಳಗನ್ನಡದ ೞಕಾರಕ್ಕೆ ಬೇರೆಯೇ ಅಕ್ಷರವಾದ ಳಕಾರದ ಪ್ರಾಸ ಕಟ್ಟಿ ಸಿಕ್ಕಿಬಿದ್ದವರು ತಾವೇ ಅಲ್ಲವೇ? ಹೋದ ವರ್ಷದ ಮಾತು.

ತುಂಟಲಘು: ಇವರು ಏನನ್ನೂ ಮರೆಯುವುದಿಲ್ಲ. ಸಮಸ್ಯೆಯ ಲೆಕ್ಕದಲ್ಲಿ ಜಾಣರ ಪಟ್ಟಿಯಿಂದ ಹೊರಗೆ.

ಕಾಗುಣಿತ: ಆರನೆಯಗಣ ಅವರೇ, ದೋಷವನ್ನು ಮರೆಯುವುದು ನಮ್ಮ ಹಿಡಿತದಲ್ಲಿದೆಯೇ? ಮರೆಯಬೇಕೆಂದು ಹಟ ಹಿಡಿದಷ್ಟೂ ಅದು ಎದೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತದೆ. ನಿಮ್ಮ ಜಾಣ ಮರೆತಿಲ್ಲ, ಮರೆತವನಂತೆ ನಗುತ್ತಿದ್ದಾನೆ.

ಆರನೆಯಗಣ: ನಗುವುದಕ್ಕೂ ಜಾಣತನ ಬೇಕು.

ಕಾಗುಣಿತ: ಒಪ್ಪಿದೆ. ಇನ್ನು ಬಿಂದುವಿನ ವಿಷಯ. "ಓದಿಯೆ" ಎಂದರೆ ಮಾತ್ರೆಯೂ ಉಳಿಯುತ್ತದೆ, ಬಿಂದುವಿನ ಹಂಗೂ ಇಲ್ಲ. ಆದರೆ ಅರ್ಥ ಮಗ್ಗುಲು ಬದಲಿಸುತ್ತದೆ. "ಓದಿಯು" ಎಂದರೆ ಓದಿದರೂ ಮರೆತವನು. "ಓದಿಯೆ" ಎಂದರೆ ಓದಿದ ಮೇಲೆಯೇ ಮರೆತವನು. ಓದದವನಿಗೆ ಮರೆಯಲು ಏನೂ ಇರುವುದಿಲ್ಲವಲ್ಲ! ಸೈಕಲ್ ಕಲಿತವನು ಸಮತೋಲನವನ್ನು ನೆನೆಯುತ್ತಾ ತುಳಿಯುವುದಿಲ್ಲ, ನೆನೆದರೆ ಬೀಳುತ್ತಾನೆ. ಆ ಬಗೆಯ ಮರೆವು ನನ್ನದು:

ಬೀದಿಯನೆ ಕಾಲೆ ಬಲ್ಲೊಡೆ
ಕೈದೀವಿಗೆಯೇಕೆ ಬೇರೆ ನಡೆಯಲ್ ನಿಶಿಯೊಳ್ |
ಆದರದೆ ಶಾಸ್ತ್ರಸೂತ್ರಮ-
ನೋದಿಯೆ ಮರೆತವನೆ ಜಾಣನೆನಿಪಂ ಜಗದೊಳ್ ||

ಆರನೆಯಗಣ: ಮೊದಲ ಸಾಲಿಗೇ ಸೋತೆ.

ಓಲೆಗರಿ: ಪದ್ಯ ಸೊಗಸು. ಆದರೆ ಕೊಟ್ಟ ಸಾಲನ್ನೇ ತಿದ್ದಿ ಪೂರಣ ಮಾಡುವುದು ಯಾವ ನ್ಯಾಯ? ಬೀಗ ಬದಲಿಸಿ ಕೀಲಿ ತಿರುಗಿತು ಎಂದಂತಾಯಿತು.

ಕಾಗುಣಿತ: ಬೀಗಕ್ಕೆ ತುಕ್ಕು ಹಿಡಿದಿತ್ತು.

ಓಲೆಗರಿ: ಸರಿ, "ಓದಿಯು", "ಓದಿಯೆ" ಎಂಬ ಎರಡೂ ಪಾಠಗಳು ಇರಲಿ. ತಪ್ಪೊಪ್ಪಿಗೆ ಎಂದು ಯಾರೂ ತಿಳಿಯಬಾರದು.

ಬಿಂದುಮಾಧವ: ತಿಳಿದುಕೊಂಡಾಗಿದೆ. ಕಾಗುಣಿತ ಅವರ ಪದ್ಯಕ್ಕೆ ಬರೋಣ. "ಕೈ" ಎಂಬುದು ಹಳಗನ್ನಡದಲ್ಲಿ "ಕಯ್". ಆಗ ನಿಮ್ಮ ಪ್ರಾಸಾಕ್ಷರ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ಇಲ್ಲಿ ದ ಹೋಗಿ ಯ್ದ ಆಗಲಿಲ್ಲವೇ?

ತುಂಟಲಘು: ಶುರುವಾಯಿತು.

ಕಾಗುಣಿತ: ಹಾಗಾದರೆ ಕೈಬಿಟ್ಟೆ. "ಈ ದೀವಿಗೆಯೇಕೆ ಬೇರೆ" ಎಂದು ಓದಿಕೊಳ್ಳಿ.

ಬಿಂದುಮಾಧವ: ಯಾವ ದೀವಿಗೆ? ಹಿಂದೆಲ್ಲೂ ದೀಪದ ಸುದ್ದಿಯೇ ಇಲ್ಲವಲ್ಲ.